ಹರಿಪುರದಿಂದ ಮರಳುವಾಗ

ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿಯುವ ವಾಸನೆ ಬಂದರೆ ನನಗೆ ಇಂದಿಗೂ ಸಾಂಗ್ಲಿಯ ನಮ್ಮ ಕೊನೆಯ ಭಾನುವಾರ ನೆನಪಾಗುತ್ತದೆ.

ಭಾಷೆಯ ಮೇಲೆ ರಾಜ್ಯಗಳು ಬೇರೆಯಾಗಿ ಅಪ್ಪನ ಸರ್ಕಾರಿ ನೌಕರಿ ಧಾರವಾಡಕ್ಕೆ ಹೋಗಿತ್ತು. ನನಗೆ ರೈಲು ಹತ್ತುವ ಸಂಭ್ರಮ. ಅವ್ವ ಮಾತ್ರ ಮಾತೇ ಬಿಟ್ಟಿದ್ದಳು. ಪಕ್ಕದ ಮನೆಯ ಮರಾಠಿ ಮಾವಶಿ, ಅಂದರೆ ನನ್ನ ಪಾಲಿನ ಚಿಕ್ಕಮ್ಮ, ಬೆಳ್ಳುಳ್ಳಿ ಒಗ್ಗರಣೆಯ ಚುರುಮುರಿ ಕಟ್ಟಿಕೊಂಡು, ಅವ್ವನನ್ನೂ ನನ್ನನ್ನೂ ಟಾಂಗಾದಲ್ಲಿ ಹರಿಪುರದ ಸಂಗಮಕ್ಕೆ ಕರೆದೊಯ್ದರು. ಕೃಷ್ಣಾ, ವಾರಣಾ ಕೂಡುವಲ್ಲಿ ಅವ್ವ, ಮಾವಶಿ ಇಬ್ಬರೂ ನೀರಿಗೆ ಕಾಲು ಇಳಿಬಿಟ್ಟು ಕುಳಿತರು.

“ವೈನಿ, ಅಲ್ಲೆ ನನಗ ಯಾರ ಅದಾರ್ರಿ?” ಎಂದು ಅವ್ವ ಮಾವಶಿಯ ಮುಂದೆ ಅತ್ತಳು.

ಮಾವಶಿ ಅವ್ವನಿಂದಲೇ ಕಲಿತ ಕನ್ನಡದಲ್ಲಿ, “ಅಲ್ಲೆ ಊರ ತುಂಬ ಕನ್ನಡ ಮಾತಾಡ್ತಾರ. ನೀ ಹೋದ ಮ್ಯಾಲ ನಮ್ಮ ಓಣ್ಯಾಗ ನನ್ನ ಕೂಡ ಯಾರ ಕನ್ನಡ ಮಾತಾಡ್ತಾರ, ಹೇಳು?” ಎಂದರು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಕಂಡು ನಾನು ಮಾವಶಿಯ ತೋಳಿಗೆ ಆತುಕೊಂಡೆ.

ಮರಳುವಾಗ ಮಾವಶಿ ಬೇವಿನ ಮರ, ಅರಿಸಿನದ ಹೊಲ, ಮೇಯುವ ಎಮ್ಮೆ ತೋರಿಸಿ, “ಇದಕ್ಕ ಕನ್ನಡದಾಗ ಏನಂತಾರ?” ಎಂದು ಕೇಳುತ್ತಲೇ ಇದ್ದರು. ಆ ಹೆಸರುಗಳೆಲ್ಲ ಅವರಿಗೆ ಬರುತ್ತಿದ್ದವು. ಅವ್ವನಿಗೂ ಅದು ಗೊತ್ತಿತ್ತು. ಆದರೂ ಅವಳು ಒಂದೊಂದನ್ನೂ ಬಿಡಿಸಿ ಬಿಡಿಸಿ ಹೇಳಿಕೊಟ್ಟಳು, ನಮ್ಮ ಓಣಿ ಬರುವ ತನಕ.