ಮೂರನೇ ಸಿಲಿಂಡರ್

ಕಾರಿಗೆ ಜೋಡಿಸಿದ ಸ್ಕ್ಯಾನರಿನ ಪರದೆಯ ಮೇಲೆ ಮತ್ತೆ ಅದೇ ದೋಷದ ಕೋಡ್ ಬಂತು. ಮೂರನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಕಿಡಿ ಸರಿಯಾಗಿ ಹತ್ತುತ್ತಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿದ.

"ಬೇಗ ನೋಡ್ರಪ್ಪಾ, ಶಾಲೆ ಬಿಡೋ ಹೊತ್ತಾಯ್ತು. ಮಗಳು ಗೇಟಲ್ಲಿ ಒಬ್ಬಳೇ ನಿಂತಿರ್ತಾಳೆ," ಎಂದರು ಕಾರಿನ ಯಜಮಾನರು, ಕನ್ನಡಕದ ಅಂಗಡಿಯವರು. ಬಂದಾಗಲೆಲ್ಲ ಅವರದು ಇದೇ ಮಾತು.

ಕಾರು ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಈ ನಡುಕಕ್ಕೆ ಮೆಕ್ಯಾನಿಕ್ ಮಾಡದ ಮದ್ದಿರಲಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಿದ್ದ. ಕಿಡಿ ಕೊಡುವ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿದ್ದ. ಅದು ಕೆಟ್ಟಿದ್ದರೆ ತೊಂದರೆಯೂ ಅದರ ಜೊತೆ ಪಕ್ಕಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಪ್ರತಿ ಸಲವೂ ಬಿಚ್ಚಿ ಜೋಡಿಸಿದ ಮೇಲೆ ಎಂಜಿನ್ ನುಣ್ಣಗೆ ಓಡುತ್ತಿತ್ತು. ಕೆಲವೇ ದಿನ. ಮತ್ತೆ ಅದೇ ನಡುಕ. ಮಲಗಿದರೂ ಆ ತಾಳ ತಪ್ಪಿದ ಸದ್ದು ಅವನ ಕಿವಿ ಬಿಡುತ್ತಿರಲಿಲ್ಲ.

ಇವತ್ತು ಏನನ್ನೂ ಮುಟ್ಟುವ ಮೊದಲು ಟಾರ್ಚ್ ಬಿಟ್ಟು ನೋಡಿದ. ಕಾಯಿಲಿನ ವೈರು ಅರ್ಧ ಹೊರಗೆ ಬಂದಿತ್ತು. ಅದನ್ನು ಹಿಡಿದಿಡುವ ಲಾಕ್ ಮುರಿದಿರಲಿಲ್ಲ, ಯಾರೋ ಉಗುರಿನಿಂದ ಎಬ್ಬಿ, ಸಡಿಲ ಮಾಡಿ, ಸುಮ್ಮನೆ ತಾಗಿಸಿಟ್ಟಿದ್ದರು. ಇಷ್ಟು ದಿನ ಬಿಚ್ಚಿ ಹಾಕುವಾಗ ತನಗೇ ತಿಳಿಯದಂತೆ ಅದನ್ನು ಸರಿಪಡಿಸುತ್ತಿದ್ದ.

"ಸರ್, ಇದು ತಾನಾಗಿ ಬಿಚ್ಚಿಕೊಳ್ಳಲ್ಲ. ಮನೇಲಿ ಯಾರ್ಯಾರಿದ್ದೀರಿ?"

"ಹೆಂಡತಿ ಇದಾಳೆ." ಅವರು ಮುಖ ತಿರುಗಿಸಿದರು.

ಅವನು ವೈರನ್ನು ಒತ್ತಿದ. ಟಿಕ್ಕೆಂದು ಕೂತಿತು. ಎಂಜಿನ್ ತಣ್ಣಗೆ ಗುನುಗತೊಡಗಿತು.

"ಇನ್ನೊಂದ್ಸಲ ನೋಡಿ. ಇನ್ನೂ ನಡುಗ್ತಾ ಇದೆ," ಎಂದರು. ಎಂಜಿನ್ ನಡುಗುತ್ತಿರಲಿಲ್ಲ. ಶಾಲೆ ಬಿಟ್ಟ ಮಕ್ಕಳು ಗಲಾಟೆ ಮಾಡುತ್ತಾ ಗ್ಯಾರೇಜಿನ ಮುಂದೆ ಹಾದುಹೋದವು. ಅವರು ಅತ್ತ ನೋಡಲಿಲ್ಲ. ಕಾರು ಹತ್ತಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಅವರನ್ನು ಹುಡುಕಿಕೊಂಡು ಹೆಂಡತಿ ಬಂದಳು. ಮೆಕ್ಯಾನಿಕ್ ಅವಳನ್ನು ಟೈರಿನ ರಾಶಿಯ ಹಿಂದಕ್ಕೆ ಕರೆದ. ಸಿಟ್ಟು ತಡೆಯಲಾಗಲಿಲ್ಲ.

"ಅಕ್ಕಾ, ಗಂಡ ಹೆಂಡತಿ ಜಗಳ ಏನೇ ಇರಲಿ, ಆ ಮಗು ಏನ್ ಮಾಡಿತ್ತು? ನಡುರಸ್ತೇಲಿ ಗಾಡಿ ನಿಂತ್ರೆ ಗತಿ ಏನು? ಇನ್ಮೇಲೆ ಆ ವೈರಿಗೆ ಕೈ ಹಾಕ್ಬೇಡಿ."

ಅವಳು ಕಾರಿನತ್ತ ಬೆರಳು ತೋರಿಸಿದಳು. ಅಲ್ಲಿ ಕನ್ನಡಕದ ಅಂಗಡಿಯವರು ಬಾನೆಟ್ಟಿನೊಳಗೆ ಬಗ್ಗಿ, ಉಗುರಿನಿಂದ ಮೆಲ್ಲಗೆ ವೈರು ಎಬ್ಬುತ್ತಿದ್ದರು. ಎಂಜಿನ್ ಕೆಮ್ಮಿತು. ಮತ್ತೆ ನಡುಗಿತು.

"ಅವತ್ತೂ ಗಾಡಿ ಹೀಗೇ ನಡುಗಿ ದಾರೀಲೇ ನಿಂತುಬಿಡ್ತು ಅಣ್ಣಾ. ಅಪ್ಪ ಬರ್ಲಿಲ್ಲ ಅಂತ ಮಗು ತಾನೇ ರಸ್ತೆ ದಾಟೋಕೆ ಹೋಯ್ತು. ಮತ್ತೆ ಮನೆಗೆ ಬರ್ಲೇ ಇಲ್ಲ." ಅವಳು ಗಂಡನತ್ತ ತಿರುಗಿದಳು.

"ಗಾಡಿ ಕೆಟ್ಟಿರೋವರೆಗೂ ಅವಳಿನ್ನೂ ಗೇಟಲ್ಲೇ ಇದಾಳೆ, ರಸ್ತೆಗೆ ಇಳಿದಿಲ್ಲ ಅಂತಾರೆ ಇವರು."