ಒಂದು ಗೇಣು ಉಬ್ಬರ

ಕಡಲ ನೀರನ್ನು ಎಷ್ಟು ದೂರ ಒಯ್ದರೂ ಅದು ತನ್ನ ಉಬ್ಬರ ಇಳಿತವನ್ನು ಮರೆಯುವುದಿಲ್ಲ. ಅದಕ್ಕೇ ಚಿತ್ರದುರ್ಗದ ಅಂಗಡಿಯವನು ಗಾಜಿನ ತೊಟ್ಟಿ ಕೊಡುವಾಗ, ಮೇಲೆ ಒಂದು ಗೇಣು ಖಾಲಿ ಬಿಡಿ ಎಂದಿದ್ದ. ಆದರೆ ಹಿತ್ತಲ ಡ್ರಮ್ಮಿನಲ್ಲಿ ತಿಂಗಳಿಡೀ ಹದಗೊಳಿಸಿದ ಕಡಲ ನೀರನ್ನು ವಾರಿಜ ತೊಟ್ಟಿಗೆ ತುಂಬುವಾಗ ಅಮ್ಮಮ್ಮ ಕೇಳಲಿಲ್ಲ.

“ಮನಿಗ್ ಬಂದ್ ಗಂಗೆ ಅರ್ಧಂಬರ್ಧ ಇಪ್ಪುಕಾಗ ಹೆಣೆ. ಕಂಠದ್ ತನಕ ಹೊಯ್ಯ್!”

ಮಂಡಿನೋವಿನಿಂದ ಕಡಲ ದಂಡೆಯ ಊರು ಬಿಟ್ಟು ಮೊಮ್ಮಗಳ ಮನೆ ಸೇರಿದ ಅಮ್ಮಮ್ಮ ಕಡಲು ಕಂಡು ವರ್ಷಗಳೇ ಆಗಿದ್ದವು. ವಾರಿಜ ಕಂಠದವರೆಗೂ ತುಂಬಿಸಿ, ಇಷ್ಟು ದಿನ ಕಾದು ತಂದಿದ್ದ ಕೇಸರಿ ಪಟ್ಟೆಯ ಮೀನನ್ನು ಮೆಲ್ಲಗೆ ಬಿಟ್ಟಳು.

ಸಂಜೆ ದೂರದ ಕಡಲಿನಲ್ಲಿ ಉಬ್ಬರವೆದ್ದಿತು, ತೊಟ್ಟಿಯಲ್ಲೂ. ಉಕ್ಕಿದ ನೀರಿನೊಂದಿಗೆ ಮೀನು ಅಂಚಿಗೆ ಜಾರಿತು.

“ಅಮ್ಮಮ್ಮಾ, ಸೆರಗ್ ಒಡ್ಡ್!”

ವಾರಿಜ ಹುಟ್ಟಿದಂದಿನಿಂದ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ಮೀನು ಸೆರಗಿಗೇ ಬಿತ್ತು. ಅದನ್ನು ಮತ್ತೆ ನೀರಿಗೆ ಬಿಟ್ಟು, ತೊಟ್ಟಿಯ ನೀರು ಇಳಿಸಲು ಮಗ್ಗು ತಂದಾಗ ಅವಳು ನಿಂತುಬಿಟ್ಟಳು.

ನೆಲದ ಮೇಲೆ ಚೆಲ್ಲಿದ ನೀರು ಅಮ್ಮಮ್ಮನ ಪಾದ ಮುಟ್ಟಿ ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. ಅಮ್ಮಮ್ಮ ಸೀರೆ ಎತ್ತಿ ಹಿಡಿದು, ಮಂಡಿನೋವು ಮರೆತು, ಚಿಕ್ಕ ಹುಡುಗಿಯಂತೆ ನಗುತ್ತಿದ್ದರು.

ವಾರಿಜ ಮಗ್ಗು ಕೆಳಗಿಟ್ಟಳು. ಅಮ್ಮಮ್ಮನ ಟ್ರಂಕಿನಿಂದ ಹಳೆಯ ಬಲೆಯ ತುಂಡು ತೆಗೆದು ತೊಟ್ಟಿಯ ಬಾಯಿಗೆ ಬಿಗಿದಳು. “ಮೀನ್ ಹಿಡುದ್ ಬಲಿ, ಈಗ ಮೀನ್ ಕಾಯತ್ತಾ?” ಎಂದು ಅಮ್ಮಮ್ಮ ಮತ್ತಷ್ಟು ನಕ್ಕರು.

ನೀರನ್ನು ಮಾತ್ರ ಇಬ್ಬರೂ ಕಂಠದವರೆಗೇ ಬಿಟ್ಟರು.