ಇವತ್ತಿಗಾ, ನಾಳೆಗಾ?

ಕಾದ ಇಸ್ತ್ರಿಪೆಟ್ಟಿಗೆ ಮುಟ್ಟಿ ಪ್ರಮಾಣ ಮಾಡುತ್ತೇನೆ, ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಕಾಮಾಕ್ಷಿಪಾಳ್ಯದ ನಮ್ಮ ಗಲ್ಲಿಯಲ್ಲಿ ಮೊನ್ನೆ ಕಂಪ್ಯೂಟರಿನೊಳಗೆ ಒಂದು ಮಾವಿನಕಾಯಿ ಹಣ್ಣಾಯಿತು. ನನ್ನ ಇಸ್ತ್ರಿ ಗಾಡಿ ನಿಲ್ಲುವುದೇ ಆ ಮನೆಯ ಕಿಟಕಿಗೆ ಅಂಟಿಕೊಂಡು. ಕಣ್ಣಾರೆ ಕಂಡವನು ನಾನು.

ಮಾವಿನಹಣ್ಣಿನ ತಳ್ಳುಗಾಡಿಯ ಚಿಕ್ಕಹನುಮಯ್ಯ ಊಟಕ್ಕೆಂದು ಮನೆಗೆ ಬಂದ. ಮೊಮ್ಮಗಳು ಧನ್ಯಶ್ರೀಯ ಕಂಪ್ಯೂಟರ್ ಪರದೆ ಕಂಡವನೇ ಹೊಸ್ತಿಲಲ್ಲೇ ನಿಂತುಬಿಟ್ಟ.

“ಯಾವನೇ ಅವ್ನು, ಕಾರ್ಬೈಡ್ ಮಾಲು ನಮ್ಮನೆಗೆ ತಂದೋನು?”

“ತಾತ, ಇದು ಹಣ್ಣಲ್ಲ. ನಾನ್ ಬರ್ದಿರೋ ಚಿತ್ರ.”

“ಚಿತ್ರ ಆದ್ರೆ? ಮೂವತ್ತೆಂಟು ವರ್ಷದಿಂದ ಹುಲ್ಲಲ್ಲಿಟ್ಟು ಹಣ್ಣು ಮಾಡ್ತಿದೀನಿ. ಔಷ್ದಿ ಹಾಕಿದ್ದನ್ನ ಮಾಗಡಿ ರೋಡಿನ ಆ ಕಡೆಯಿಂದ್ಲೇ ಹೇಳ್ತೀನಿ. ಹಿಂದೂ ಮುಂದೂ ಒಂದೇ ಹಳದಿ. ಥೂ!”

ಹುಡುಗಿಗೆ ಅಳುವುದೊಂದೇ ಬಾಕಿ. ಬಸವೇಶ್ವರನಗರದ ಒಂದು ಕಾರ್ಟೂನ್ ಕಂಪನಿಯವರು ಅವಳಿಗೆ ಪರೀಕ್ಷೆ ಕೊಟ್ಟಿದ್ದರು: ಆರು ಸೆಕೆಂಡಿನಲ್ಲಿ ಮಾವಿನಕಾಯಿ ಹಣ್ಣಾಗಬೇಕು, ಸಂಜೆ ಐದರೊಳಗೆ ಕಳಿಸಬೇಕು. ಮೆಚ್ಚಿದರೆ ಕೆಲಸ. ಇಲ್ಲದಿದ್ದರೆ ಸೋಮವಾರದಿಂದ ಅಮ್ಮ ಶಶಿಕಲಾ ಜೊತೆ ಗಾರ್ಮೆಂಟ್ಸಿಗೆ. ಅಮ್ಮ ಸೂಪರ್‌ವೈಸರ್ ಹತ್ತಿರ ಮಾತಾಡಿಯೂ ಆಗಿತ್ತು. ಗಡಿಯಾರದಲ್ಲಿ ಆಗಲೇ ಮೂರು.

“ಗ್ರೇಡಿಯೆಂಟ್ ಕೂರ್ತಾ ಇಲ್ಲ ತಾತ,” ಎಂದಳು. “ಈ ಚುಕ್ಕೀಗೆ ಒಂದು ಬಣ್ಣ, ಆ ಚುಕ್ಕೀಗೆ ಒಂದು ಬಣ್ಣ ಕೊಟ್ರೆ ನಡುವಿಂದೆಲ್ಲ ಅದೇ ಕಲಸ್ಕೊಂಡು ತುಂಬುತ್ತೆ. ಹನ್ನೊಂದ್ ಸಲ ಮಾಡ್ದೆ. ಹನ್ನೊಂದ್ ಸಲಾನೂ ಪ್ಲಾಸ್ಟಿಕ್ ಚೆಂಡು.”

“ಆರು ದಿನದ ಕೆಲ್ಸ ಆರು ಸೆಕೆಂಡಲ್ಲಿ ಮಾಡ್ಸಿದ್ರೆ ಇನ್ನೇನಾಗುತ್ತೆ?” ಎಂದು ಗೊಣಗುತ್ತ ಚಿಕ್ಕಹನುಮಯ್ಯ ಮಂಚದ ಕೆಳಗಿನ ಹುಲ್ಲಿಗೆ ಕೈಹಾಕಿದ. ಮೊದಲ ದಿನದ್ದು, ಮೂರನೇ ದಿನದ್ದು, ಐದನೇ ದಿನದ್ದು ಅಂತ ಮೂರು ಬಾದಾಮಿ ಮಾವು ತಂದು ಕಂಪ್ಯೂಟರಿನ ಮುಂದೆ ಸಾಲಾಗಿ ಇಟ್ಟ. ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು. ಅವನಿಗೆ ಅದರ ಗ್ಯಾನವೇ ಇಲ್ಲ.

“ನೋಡು. ಬಣ್ಣ ನಡುಮಧ್ಯೆ ಹುಟ್ಟಲ್ಲ. ತೊಟ್ಟಿನ ಪಕ್ಕ ಹುಟ್ಟಿ ಕೆಳಕ್ಕೆ ಇಳೀತದೆ. ಬಿಸ್ಲು ಬಿದ್ದ ಕೆನ್ನೆ ಒಂದೇ ಕೆಂಪು, ಇನ್ನೊಂದ್ ಕೆನ್ನೆ ಅಲ್ಲ.” ಹೇಳುತ್ತಲೇ ಹಳದಿ ಚುಕ್ಕಿಯ ಮೇಲೆ ಬೆರಳಿಟ್ಟು ತಳ್ಳಿದ.

“ತಾತ, ಪರದೆ ಒಡೆದೋಗುತ್ತೆ! ಮೌಸಲ್ಲಿ ತಳ್ಬೇಕು.”

“ನೀನ್ ತಳ್ಳು, ನಾನ್ ಹೇಳ್ತೀನಿ. ಇನ್ನೂ ಮೇಲೆ. ನಿಧಾನ ಕಣಮ್ಮ, ದಿಬ್ಬದಲ್ಲಿ ಗಾಡಿ ತಳ್ದಂಗೆ ತಳ್ಬೇಡ.”

ಹಳದಿ ಚುಕ್ಕಿ ತೊಟ್ಟಿಗೆ ಹೋಯಿತು, ಕೆಂಪು ಚುಕ್ಕಿ ಒಂದು ಕೆನ್ನೆಗೆ. ಹಸಿರು ಮೆಲ್ಲಗೆ ಕೆಳಗೆ ಸರಿಯತೊಡಗಿತು. ಆಗಲೇ ಮಹಡಿಯಿಂದ ಪಟಾಲಮ್ಮ ಕೂಗಿದಳು, “ಏನಯ್ಯ ಚಿಕ್ಕಹನುಮಯ್ಯ, ಹುಲ್ಲು ಬಿಚ್ಚಿದ್ಯಾ? ಘಮಘಮ ಅಂತೈತಲ್ಲ!” ಹಣ್ಣಿನ ವಾಸನೆ ಬಂದದ್ದು ಹುಲ್ಲಿನಿಂದಲ್ಲ. ನಾನು ಕಿಟಕಿಯಲ್ಲಿ ತಲೆ ತೂರಿಸಿ ಪರದೆಗೆ ಮೂಗಿಟ್ಟು ನೋಡಿದ್ದೇನೆ.

ಹಸಿರು ಹಣ್ಣಿನ ತುದಿಯ ಮೂತಿಯವರೆಗೆ ಇಳಿದಾಗ ಚಿಕ್ಕಹನುಮಯ್ಯ ಕೈ ಅಡ್ಡ ಹಿಡಿದ. ಗಾಡಿಗೆ ಬಂದ ಯಾರನ್ನೇ ಆಗಲಿ ಮೊದಲು ಕೇಳುವ ಮಾತನ್ನೇ ಮೊಮ್ಮಗಳನ್ನೂ ಕೇಳಿದ.

“ಇವತ್ತಿಗಾ, ನಾಳೆಗಾ?”

“ಪೂರ್ತಿ ಹಣ್ಣಾಗ್ಬೇಕು ಅಂದಿದಾರೆ ತಾತ.”

“ಅವ್ರು ನೋಡೋದು ಯಾವಾಗ?”

“ಬೆಳಿಗ್ಗೆ ನೋಡ್ತಾರೇನೋ.”

“ಮತ್ತೆ! ಮೂತೀಲಿ ಒಂಚೂರು ಹಸಿರು ಬಿಡು. ಇವತ್ತೇ ಪೂರ್ತಿ ಮಾಡಿ ಕಳಿಸಿದ್ರೆ ನಾಳೆ ಹೊತ್ಗೆ ಕೊಳೆತೋಗುತ್ತೆ.”

ಐದಕ್ಕೆ ಎರಡು ನಿಮಿಷ. ಧನ್ಯಶ್ರೀ ತಾತನ ಮುಖ ನೋಡಿದಳು, ಆರಿಹೋದ ಮುದ್ದೆ ನೋಡಿದಳು. ಹಸಿರು ಬಿಟ್ಟು ಕಳಿಸಿಯೇಬಿಟ್ಟಳು. ರಾತ್ರಿ ಅವಳು ನಿದ್ದೆ ಮಾಡಲಿಲ್ಲವಂತೆ.

ಮಾರನೆಯ ದಿನ ಹತ್ತು ಗಂಟೆಗೆ ಕಂಪನಿಯ ಶುಭಾ ಮೇಡಂ ಫೋನು. ಹುಡುಗಿ ಸ್ಪೀಕರ್ ಹಾಕಿದಳು.

“ಚೆನ್ನಾಗಿದೆ ಧನ್ಯಶ್ರೀ. ಆದ್ರೆ ನಿನ್ನೆ ಸಂಜೆ ನೋಡ್ದೆ, ತುದೀಲಿ ಹಸಿರು ಉಳ್ಕೊಂಡಿತ್ತಲ್ಲಾ? ಪೂರ್ತಿ ಹಣ್ಣು ಅಂತ ಬರ್ದಿದ್ವಿ.”

ಚಿಕ್ಕಹನುಮಯ್ಯ ಫೋನಿನ ಹತ್ತಿರ ಬಗ್ಗಿದ. “ಅದು ನಾಳೆಗೆ ಅಂತ ಕೊಟ್ಟಿದ್ದು ಕಣಮ್ಮ. ನೀವು ನಿನ್ನೇನೇ ಬಿಚ್ಚಿದ್ರೆ ನಾವೇನ್ ಮಾಡಣ? ಈಗ ಒಂದ್ಸಲ ತೆಗ್ದು ನೋಡಿ.”

ಆ ಕಡೆ ಕುರ್ಚಿ ಸರಿದ ಸದ್ದು. ಕ್ಲಿಕ್ಕು. ಮತ್ತೊಂದು ಕ್ಲಿಕ್ಕು. ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಹೊಗೆಯಾಡುತ್ತಿತ್ತು. ಎತ್ತುವುದು ನೆನಪಾಗಲಿಲ್ಲ.

“ರೀ...” ಎಂದರು ಮೇಡಂ. “ಹಸಿರು ಇಲ್ಲ. ಹಣ್ಣಾಗ್ಬಿಟ್ಟಿದೆ.” ಆಮೇಲೆ ದನಿ ತಗ್ಗಿಸಿ, “ಸೋಮವಾರ ಬನ್ನಿ ಧನ್ಯಶ್ರೀ. ತಾತನ್ನೂ ಒಂದ್ಸಲ ಕರ್ಕೊಂಡ್ ಬನ್ನಿ.”

ಧನ್ಯಶ್ರೀ ತಾತನ ಕುತ್ತಿಗೆಗೆ ಜೋತುಬಿದ್ದಳು. “ಬಿಡೇ, ಬೋಣಿ ಆಗಿಲ್ಲ ಇನ್ನೂ,” ಎಂದು ಬೈಯುತ್ತ ಅವನು ಟವೆಲಿನಲ್ಲಿ ಕಣ್ಣೊರೆಸಿಕೊಂಡ.

ಆ ಚಿತ್ರ ಈಗ ತೋರಿಸಲಾಗುವುದಿಲ್ಲ, ತೆರೆದರೆ ನೊಣ ಮುತ್ತುತ್ತವೆ. ನಂಬಿಕೆಯಿಲ್ಲದಿದ್ದರೆ ನಮ್ಮ ಗಲ್ಲಿಗೇ ಬಂದು ನೋಡಿ. ಬರುವಾಗ ಚಿಕ್ಕಹನುಮಯ್ಯನ ಗಾಡಿಯಿಂದ ನನಗೆ ಎರಡು ಕೆಜಿ ಬಾದಾಮಿ ತನ್ನಿ. ಅವನು ಕೇಳಿಯೇ ಕೇಳುತ್ತಾನೆ. ಇವತ್ತಿಗೇ ಅನ್ನಿ. ಇಷ್ಟು ನಿಜ ಹೇಳಿದವನು ನಾಳೆಯವರೆಗೆ ಕಾಯಬೇಕೇ?